ಶರಾವತಿಯ ಮೇಲಿನ ದೂರು

ಎಪ್ಪತ್ತು ತುಂಬಿದ ಮನುಷ್ಯ ಮೋಟಾರು ಸೈಕಲ್ಲು ಹತ್ತಿ ಒಬ್ಬನೇ ಮಂಗಳೂರಿನಿಂದ ಅಂಕೋಲೆಗೆ ಹೊರಟಿದ್ದಾನೆಂದರೆ ಮನೆಯಲ್ಲಿ ಏನೇನು ಮಾತು ಹುಟ್ಟಬಹುದೋ ಅಷ್ಟೂ ಹುಟ್ಟಿದವು. ಹೆಂಡತಿ ಮೊದಲು ನಕ್ಕಳು, ಆಮೇಲೆ ಮಾತು ಬಿಟ್ಟಳು. ಬೆಂಗಳೂರಿನಿಂದ ಮಗ ಫೋನು ಮಾಡಿ, "ಅಪ್ಪಯ್ಯ, ರೈಲು ಇದೆಯಲ್ಲ, ಆರಾಮಾಗಿ ಕೂತ್ಕೊಂಡು ಹೋಗಿ" ಎಂದ. ರೈಲು ಇರುವುದು ನನಗೂ ಗೊತ್ತು. ಕೊಂಕಣ ರೈಲು 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದಾಗ ಕರಾವಳಿಯವರೆಲ್ಲರಂತೆ ನಾನೂ ಸಂಭ್ರಮಪಟ್ಟವನೇ. ಆದರೆ ರೈಲಿನಲ್ಲಿ ಕುಳಿತವನಿಗೆ ಹೊಳೆ ಬಂದದ್ದು ತಿಳಿಯುವುದು ಗಾಲಿಯ ಸದ್ದು ಬದಲಾದಾಗ ಮಾತ್ರ. ತಲೆ ಎತ್ತಿ ನೋಡುವಷ್ಟರಲ್ಲಿ ಹೊಳೆ ಹಿಂದೆ ಬಿದ್ದಿರುತ್ತದೆ. ನನಗೆ ಹೊಳೆಗಳನ್ನು ಒಂದೊಂದಾಗಿ ದಾಟಬೇಕಿತ್ತು. ಇದನ್ನು ಮಗನಿಗೆ ಫೋನಿನಲ್ಲಿ ವಿವರಿಸುವುದು ಹೇಗೆ? "ಗಾಡಿ ಓಡದಿದ್ದರೆ ತುಕ್ಕು ಹಿಡಿಯುತ್ತದೆ" ಎಂದುಬಿಟ್ಟೆ.

ಗಾಡಿ ಎಂದರೆ 1984ರಲ್ಲಿ ಕೊಂಡ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಜಾವಾ ಗಾಡಿಗಳೊಂದಿಗೆ ಶುರುವಾಗಿ, ಆಮೇಲೆ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡು, 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ಗಾಡಿಗಳಿಗೊಂದು ವಿಚಿತ್ರವಿತ್ತು: ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆ. ಒದ್ದು ಚಾಲೂ ಮಾಡಿದ ಮೇಲೆ ಅದನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರಾಗುತ್ತದೆ. ಗೊತ್ತಿಲ್ಲದವರು ಹತ್ತಿದರೆ ನಿಂತಲ್ಲೇ ಬೆವರುತ್ತಾರೆ; ಹಾಗಾಗಿ ನಮ್ಮ ಕೇರಿಯಲ್ಲಿ ಅದನ್ನು ಯಾರೂ ಎರವಲು ಕೇಳಲಿಲ್ಲ, ಕದಿಯಲೂ ಇಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು, ಲೀಟರಿಗೆ 40 ಮಿ.ಲೀ. ನನ್ನ ಲೆಕ್ಕ. ಈಗಿನ ಪೆಟ್ರೋಲ್ ಬಂಕಿನ ಹುಡುಗರಿಗೆ ಆ ಎಣ್ಣೆಯ ಹೆಸರು ಹೇಳಿದರೆ ಮುಖ ನೋಡುತ್ತಾರೆ. ಹೀಗಾಗಿ ಎರಡು ಬಾಟಲಿ ಎಣ್ಣೆ, ಎರಡು ಪ್ಲಗ್ಗು, ಒಂದು ಕ್ಲಚ್ ಕೇಬಲ್ಲು ಮತ್ತು ಚಿಕ್ಕಮ್ಮನಿಗೆ ಒಂದು ಕಟ್ಟು ಹಲಸಿನ ಹಪ್ಪಳ ಚೀಲಕ್ಕೆ ತುಂಬಿಕೊಂಡು 2025ರ ಜನವರಿಯ ಒಂದು ಬೆಳಿಗ್ಗೆ ಆರು ಗಂಟೆಗೆ ಹೊರಟೆ.

ಚಿಕ್ಕಮ್ಮನೆಂದರೆ ನನ್ನ ತಾಯಿಯ ತಂಗಿ. ಎಂಬತ್ತಾರು ವರ್ಷ. ಆ ತಲೆಮಾರಿನವರಲ್ಲಿ ಉಳಿದಿರುವವರು ಅವರೊಬ್ಬರೇ. ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನು. ಆಧಾರ ಎಲ್ಲಿ, ಸಾಕ್ಷಿ ಯಾರು ಎಂದು ಹುಡುಗರನ್ನು ಪೀಡಿಸಿದವನು. ಸ್ವಂತ ಮನೆಯ ಇತಿಹಾಸಕ್ಕೆ ಉಳಿದಿರುವ ಒಬ್ಬಳೇ ಸಾಕ್ಷಿಯನ್ನು ನೋಡಲು ಹೋಗದೆ ಐದು ವರ್ಷವಾಗಿತ್ತು.

ಮಂಗಳೂರಿನಿಂದ ಅಂಕೋಲೆಗೆ ಸುಮಾರು 240 ಕಿ.ಮೀ. ಹಿಂದೆ 17ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಎನ್ನುತ್ತಿದ್ದುದಕ್ಕೆ 2010ರಲ್ಲಿ 66 ಎಂಬ ಹೊಸ ನಂಬರು ಬಂತು. ನಮ್ಮ ಕಡೆಯ ಹಳಬರ ಬಾಯಲ್ಲಿ ಅದು ಇಂದಿಗೂ ಹದಿನೇಳೇ. ನಂಬರು ಯಾವುದಾದರೂ ಇರಲಿ, ಈ ರಸ್ತೆಯೆಂದರೆ ಹೊಳೆಗಳ ಪಟ್ಟಿ. ಕೂಳೂರಿನಲ್ಲಿ ಗುರುಪುರ ಹೊಳೆ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಉದ್ಯಾವರದ ಹೊಳೆ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ. ಕುಂದಾಪುರಕ್ಕೆ ಬಂದರೆ ಒಂದಲ್ಲ, ಐದು ಹೊಳೆಗಳು ಕೂಡಿ ಸಮುದ್ರಕ್ಕೆ ಸೇರುವ ಅಳಿವೆ. ಅಲ್ಲಿಂದ ಬಡಗಲಾಗಿ ಮತ್ತಷ್ಟು ಹೊಳೆಗಳನ್ನು ದಾಟಿ ಹೊನ್ನಾವರದ ಶರಾವತಿ, ಮಿರ್ಜಾನಿನ ಹತ್ತಿರ ಅಘನಾಶಿನಿ, ಕೊನೆಗೆ ಗಂಗಾವಳಿ. ಘಟ್ಟದಲ್ಲಿ ಹುಟ್ಟಿ ಒಂದೇ ಓಟಕ್ಕೆ ಕಡಲಿಗೆ ಬೀಳುವ ಈ ಹೊಳೆಗಳು ಉದ್ದದಲ್ಲಿ ಚಿಕ್ಕವು. ಆದರೆ ಘಟ್ಟಕ್ಕೆ ಬಿದ್ದ ಮಳೆಯೆಲ್ಲ ಅವುಗಳದ್ದೇ.

ಈ ದಾರಿಯಲ್ಲಿ ದೊಡ್ಡವರು ಓಡಾಡಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದುದನ್ನು ಬರೆದಿಟ್ಟ. ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ 1623ರಲ್ಲಿ ಇದೇ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಏರಿ ಇಕ್ಕೇರಿ ನೋಡಿದ. 1801ರಲ್ಲಿ ಕಂಪೆನಿ ಸರಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ದಕ್ಷಿಣದಿಂದ ಹೊರಟು ಕರಾವಳಿಯುದ್ದಕ್ಕೂ ಬೆಳೆ, ಕಂದಾಯ, ಜಾತಿ, ಉಪ್ಪು ಎಂದು ಎಲ್ಲವನ್ನೂ ವಿಚಾರಿಸಿಕೊಂಡು ಬಂದ. ಮೂವರ ಬರಹವನ್ನೂ ನಾನು ತರಗತಿಯಲ್ಲಿ ಹೇಳಿದ್ದುಂಟು. ಆದರೆ ತೌರಿಗೆ ಹೊರಟ ಹೆಂಗಸೊಬ್ಬಳು ಕಡವಿನಲ್ಲಿ ಎಷ್ಟು ಹೊತ್ತು ಕಾದಳು ಎಂಬುದು ಮೂವರಿಗೂ ಬೇಕಾಗಿರಲಿಲ್ಲ.

ನನ್ನ ತಾಯಿ ಗಂಗಾವಳಿಯ ದಂಡೆಯವಳು. 1949ರಲ್ಲಿ ಅವಳನ್ನು ಕುಂದಾಪುರದ ಆಚೆ ಸೌಪರ್ಣಿಕೆಯ ಬದಿಯ ನಮ್ಮ ಹಳ್ಳಿಗೆ ಕೊಟ್ಟರು. ಈಗ ಕೇಳಿದರೆ ಪಕ್ಕದ ಜಿಲ್ಲೆ. ಆಗ ಪಕ್ಕದ ಪ್ರಾಂತ್ಯ! 1862ರಲ್ಲಿ ಇಂಗ್ಲಿಷರು ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿ ದಕ್ಷಿಣ ಕನ್ನಡವನ್ನು ಮದರಾಸಿನಲ್ಲೇ ಉಳಿಸಿಕೊಂಡರು. ಬೈಂದೂರಿನಾಚೆಯ ಶಿರೂರು ದಾಟಿದರೆ ಭಟ್ಕಳದಲ್ಲಿ ಬೇರೆ ಸರಕಾರ. 1956ರ ನವೆಂಬರ್ 1ರವರೆಗೆ ಅದು ಹಾಗೇ ಇತ್ತು. ಅಮ್ಮ ಹೊಳೆ ದಾಟುವ ಜಾಗಕ್ಕೆ ತಾರಿ ಎಂದರೆ ಅತ್ತೆಮನೆಯವರು ನಗುತ್ತಿದ್ದರಂತೆ. ಇವರು ಕಡವು ಎಂದರೆ ಅವಳಿಗೆ ನಗು. ಅಪ್ಪಯ್ಯನಿಗೆ ಸಿಟ್ಟು ಬಂದಾಗ "ಮುಂಬಯಿಯವಳು" ಎನ್ನುತ್ತಿದ್ದರು. ಅಮ್ಮ ಮುಂಬಯಿಯನ್ನು ಸಾಯುವವರೆಗೂ ಕಂಡವಳಲ್ಲ.

ಅವಳ ಬದುಕಿನ ದೊಡ್ಡ ದೂರು ಇದ್ದುದು ಅಪ್ಪಯ್ಯನ ಮೇಲಲ್ಲ, ಶರಾವತಿಯ ಮೇಲೆ. 1954ರ ಆಷಾಢ. ತೌರಿನಿಂದ ತಂತಿ ಬಂತು, ತಾಯಿಗೆ ಜೋರಾಗಿದೆ, ಕೂಡಲೇ ಹೊರಡಿ ಎಂದು. ಅಪ್ಪಯ್ಯ, ಅಮ್ಮ ಇಬ್ಬರೂ ಉಟ್ಟ ಬಟ್ಟೆಯಲ್ಲೇ ಹೊರಟು ಕಾಸರಕೋಡಿನವರೆಗೆ ಬಂದರು. ಎದುರಿಗೆ ಹೊನ್ನಾವರ, ನಡುವೆ ಶರಾವತಿ. ಲಿಂಗನಮಕ್ಕಿಯ ಅಣೆಕಟ್ಟು ಆಗಲು ಇನ್ನೂ ಹತ್ತು ವರ್ಷವಿತ್ತು. ಮೇಲೆ ಹಿರೇಭಾಸ್ಕರದ ಚಿಕ್ಕ ಕಟ್ಟೆಯೊಂದನ್ನು ಬಿಟ್ಟರೆ ಹೊಳೆಯನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಕೆಂಪು ನೀರು, ತೇಲಿ ಬರುವ ಮರಗಳು. ದೋಣಿ ನಿಂತಿತ್ತು. ಪರಿಚಯವೇ ಇಲ್ಲದವರೊಬ್ಬರ ಜಗಲಿಯಲ್ಲಿ ಎರಡು ರಾತ್ರಿ ಕಳೆದು, ಮೂರನೆಯ ದಿನ ದಾಟಿ, ಮತ್ತೆರಡು ಹೊಳೆಗಳಿಗೆ ಕೈ ಮುಗಿದು ಮನೆ ಮುಟ್ಟಿದಾಗ ಅಂಗಳದಲ್ಲಿ ನೆಂಟರು ಸುಮ್ಮನೆ ಕುಳಿತಿದ್ದರು. ಅಮ್ಮಮ್ಮ ಹೋದದ್ದು ಅವಳು ಜಗಲಿಯಲ್ಲಿ ಕುಳಿತಿದ್ದ ಎರಡನೆಯ ರಾತ್ರಿ.

ಈ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸೇತುವೆಗಳು ಬಂದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಬಸ್ಸು ಶರಾವತಿಯ ಮೇಲೆ ಬಂದಾಗ ಉಳಿದವರು ಕಿಟಕಿಯಿಂದ ಕಾಸು ಎಸೆದು ಕೈ ಮುಗಿದರೆ ಅಮ್ಮ ಮುಖ ತಿರುಗಿಸಿಕೊಂಡು ಕೂರುವಳು. 1991ರಲ್ಲಿ ಒಮ್ಮೆ ಇದೇ ಯೆಜ್ಡಿಯ ಹಿಂದಿನ ಸೀಟಿನಲ್ಲಿ ಅಡ್ಡ ಕುಳಿತು ತೌರಿಗೆ ಬಂದಿದ್ದಳು. ಸೇತುವೆಯ ನಡುವೆ ಅವಳ ಕೈ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದದ್ದು ನೆನಪಿದೆ. ಹೆದರಿಕೆಯಾಯಿತೇ ಎಂದು ಕೇಳಿದೆ. "ಬೇಗ ದಾಟಿಸು" ಎಂದಳು. 1999ರಲ್ಲಿ ತೀರಿಕೊಂಡಳು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಡುಪಿಯವರೆಗೆ ಬರಿಯ ವಾಹನ, ಬರಿಯ ಕಟ್ಟಡ. ನಾಲ್ಕು ಪಥವಾದ ಮೇಲೆ ಕೋಟ, ಸಾಲಿಗ್ರಾಮಗಳೆಲ್ಲ ಹಲಗೆಯ ಮೇಲಿನ ಹೆಸರುಗಳಾಗಿ ಹೋಗಿವೆ. ಮರವಂತೆಯಲ್ಲಿ ಮಾತ್ರ ಎಂದಿನಂತೆ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ. ಅಲ್ಲಿ ನಿಲ್ಲಿಸಿ ಕಾಲು ನೀಡಿಕೊಂಡೆ. ಫೋಟೋ ತೆಗೆಯುತ್ತಿದ್ದ ಹುಡುಗರು ನನ್ನನ್ನು ಬಿಟ್ಟು ಗಾಡಿಯನ್ನು ಮಾತಾಡಿಸಿದರು. ಭಟ್ಕಳ ದಾಟಿದ ಮೇಲೆ ಒಂದು ಪ್ಲಗ್ಗು ಕೈಕೊಟ್ಟಿತು. ಬದಲಿಸಿ ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ಶರಾವತಿಯನ್ನು ದಾಟುವಾಗ, ನಗಬೇಡಿ, ನಾನೂ ಅಮ್ಮನಂತೆ ಬೇಗನೇ ದಾಟಿದೆ. ಅಭ್ಯಾಸ.

ಗಂಗಾವಳಿಯ ಹತ್ತಿರ ವೇಗ ತಾನಾಗಿ ಇಳಿಯಿತು. ಇಲ್ಲಿಯೂ ಒಂದು ಶಿರೂರು ಇದೆ, ಅಂಕೋಲಾ ತಾಲೂಕಿನದು. 2024ರ ಜುಲೈ 16ರ ಬೆಳಿಗ್ಗೆ ಹೆದ್ದಾರಿಯ ಪಕ್ಕದ ಗುಡ್ಡ ಜರಿದು ರಸ್ತೆಯನ್ನೂ, ಬದಿಯಲ್ಲಿದ್ದ ಚಹಾದಂಗಡಿಯನ್ನೂ, ನಿಂತ ವಾಹನಗಳನ್ನೂ ಹೊಳೆಗೆ ತಳ್ಳಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಒಟ್ಟು 11 ಜೀವ ಹೋದವು. ಮಣ್ಣಿನಡಿ ಸಿಕ್ಕಿದ್ದ ಕೇರಳದ ಲಾರಿಯೊಂದು ಹೊಳೆಯಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದು ಸೆಪ್ಟೆಂಬರಿನಲ್ಲಿ. ಅದೇ ಆಗಸ್ಟಿನ ಮೊದಲ ವಾರ ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ನಡುರಾತ್ರಿ ಕುಸಿದಿತ್ತು. ಬೋಳು ಗುಡ್ಡದ ಕೆಮ್ಮಣ್ಣು ನೋಡುತ್ತ ಸ್ವಲ್ಪ ಹೊತ್ತು ನಿಂತೆ.

ಚಿಕ್ಕಮ್ಮನ ಮನೆ ಅಲ್ಲಿಂದ ದೂರವಿಲ್ಲ. ಅಂಗಳದ ಇಷಾಡು ಮಾವು ಹೂ ಬಿಟ್ಟಿತ್ತು. ಗಾಡಿಯ ಸದ್ದಿಗೇ ಗುರುತು ಹಿಡಿದು ಬಾಗಿಲಿಗೆ ಬಂದಿದ್ದರು.

"ಒಬ್ನೇ ಬಂದ್ಯಾ ತಮಾ? ಈ ವಯಸ್ಸಲ್ಲಿ?"

ಊಟವಾಯಿತು. ಜಗಲಿಯಲ್ಲಿ ಕುಳಿತು ಕವಳ ಹಾಕುತ್ತ ಅವರು ಜುಲೈಯ ಆ ದಿನದ ವಿಷಯ ತೆಗೆದರು. ನಾನು ಏನೋ ಹೇಳಬೇಕೆಂದು, "ಈ ಹೊಳೆಗಳೇ ಹೀಗೆ ಚಿಕ್ಕಮ್ಮ. ಅಂದು ಶರಾವತಿ ಅಮ್ಮನನ್ನು ತಡೆಯಿತು, ಈಗ ಗಂಗಾವಳಿ ಇಷ್ಟು ಜನರನ್ನು ತಗೊಂಡಿತು" ಎಂದೆ.

ಚಿಕ್ಕಮ್ಮ ಕವಳ ಅಗಿಯುವುದನ್ನು ನಿಲ್ಲಿಸಿದರು. "ಹೊಳೆ ಎಂತ ಮಾಡ್ತು? ಗುಡ್ಡ ಕಡ್ದದ್ದು ಹೊಳೆಯಾ?" ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಅಕ್ಕನ್ನ ತಡ್ದದ್ದೂ ಹೊಳೆ ಅಲ್ಲ" ಎಂದರು.

ಅಮ್ಮಮ್ಮ ಮಲಗಿದ್ದು ತಂತಿ ಬಂದ ದಿನವಲ್ಲ. ಮೃಗಶಿರೆ ಮಳೆ ಹಿಡಿದಾಗಲೇ ಮಲಗಿದ್ದರು. ಹೋದದ್ದು ಪುಷ್ಯ ಮಳೆಯಲ್ಲಿ. ನಡುವೆ ಐದಾರು ವಾರ. ಮೊದಲ ಎರಡು ವಾರ ಮಳೆ ಅಷ್ಟೇನೂ ಇರಲಿಲ್ಲ, ತಾರಿಗಳು ನಡೆಯುತ್ತಿದ್ದವು. ಮಾವ ಕಾಗದ ಬರೆಯಲು ಕುಳಿತಾಗಲೆಲ್ಲ ಅಮ್ಮಮ್ಮ ತಡೆದರು. ಅಕ್ಕನಿಗೆ ಹೇಳಕೂಡದು ಎಂದು ದೇವರ ಮುಂದೆ ಆಣೆ ಹಾಕಿಸಿದರು.

"ಯಾಕೆ?" ಎಂದೆ.

"ನೀ ಹೊಟ್ಟೇಲಿದ್ದೆ. ಅದಕ್ಕಿಂತ ಮೊದ್ಲು ಎರಡು ಸಲ ನಿಂತಿರ್ಲಿಲ್ಲ. ಗೊತ್ತಾದ್ರೆ ಅವ್ಳು ಹೊರಟೇ ಹೊರಡ್ತಾಳೆ, ದೋಣಿ, ಬಸ್ಸು, ಕುಲುಕಾಟ, ಇದೂ ಹೋಗ್ತದೆ ಅಂತ ಅಮ್ಮನಿಗೆ ಹೆದ್ರಿಕೆ. ನನ್ನ ನೋಡುದು ಬೇಡ, ಮಗು ಉಳೀಲಿ ಅಂದ್ಲು. ಕೊನೆಗೆ ಅವ್ಳಿಗೆ ಎಚ್ಚರ ತಪ್ಪಿದ ಮೇಲೆ ಅಣ್ಣನಿಗೆ ತಡ್ಕೊಳ್ಲಿಕ್ಕೆ ಆಗ್ಲಿಲ್ಲ, ಅಂಕೋಲೆಗೆ ಹೋಗಿ ತಂತಿ ಕೊಟ್ಟ."

ಅಂದರೆ ಒಳ್ಳೆಯ ದಿನಗಳಲ್ಲಿ ಬರಬಹುದಾಗಿದ್ದವಳು ಕಟ್ಟಾ ಮಳೆಯಲ್ಲಿ, ತುಂಬಿದ ಹೊಳೆಯಲ್ಲಿ ಬಂದಳು, ನನ್ನನ್ನು ಹೊತ್ತುಕೊಂಡೇ. ಡಿಸೆಂಬರಿನಲ್ಲಿ ನಾನು ಹುಟ್ಟಿದೆ.

ನಲವತ್ತೈದು ವರ್ಷ ಅಮ್ಮ ಬದುಕಿದ್ದಳಲ್ಲ, ಒಬ್ಬರಾದರೂ ಅವಳಿಗೆ ಹೇಳಬಹುದಿತ್ತಲ್ಲ ಎಂದೆ. ನನ್ನ ಧ್ವನಿ ಸ್ವಲ್ಪ ಏರಿತ್ತೆಂದು ಕಾಣುತ್ತದೆ, ಒಳಗಿನಿಂದ ಸೊಸೆ ಬಂದು ಇಣುಕಿ ಹೋದಳು.

"ಹೇಳಿದ್ರೆ ಅಮ್ಮನ ಮೇಲೆ ಸಿಟ್ಟಾಗ್ತಿದ್ಲು. ಅಣ್ಣನ ಮೇಲೆ ಸಿಟ್ಟಾಗ್ತಿದ್ಲು. ನಿನ್ನ ಎತ್ಕೊಂಡಾಗೆಲ್ಲ ಅದೇ ನೆನಪಾಗ್ತಿತ್ತು. ಹೊಳೆ ಮೇಲೆ ಸಿಟ್ಟಾದ್ರೆ ಹೊಳೆಗೇನು?" ಎಂದು ಚಿಕ್ಕಮ್ಮ ಎದ್ದು ಕವಳ ಉಗುಳಲು ಹೋದರು.

ಅಂದು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಚಿಕ್ಕಮ್ಮನ ಮಾತಿಗೆ ಆಧಾರವೇನು ಎಂದು ಮೇಷ್ಟರ ಬುದ್ಧಿ ಕೇಳಿತು. ಮಾವ ಇಲ್ಲ, ಅಪ್ಪಯ್ಯ ಇಲ್ಲ. ತಂತಿಯ ಕಾಗದವನ್ನು ಯಾರೂ ಇಟ್ಟುಕೊಂಡಿಲ್ಲ. ತಂತಿ ವ್ಯವಸ್ಥೆಯೇ 2013ರ ಜುಲೈಯಲ್ಲಿ ಮುಗಿಯಿತು. ಆದರೆ ಅಮ್ಮ ಹೇಳುತ್ತಿದ್ದ ಕತೆಯಲ್ಲಿ ಒಂದು ಮಾತು ಇತ್ತು: ಮನೆ ಮುಟ್ಟಿದಾಗ ಅವಳ ಅಣ್ಣ ಎದ್ದು ಬರಲಿಲ್ಲ, ಮುಖ ಕೊಟ್ಟು ಮಾತಾಡಲಿಲ್ಲ, ಬಾವಿಕಟ್ಟೆಗೆ ಹೋಗಿ ನಿಂತಿದ್ದ ಎಂದು. ದುಃಖಕ್ಕೆ ಎಂದುಕೊಂಡಿದ್ದಳು ಅಮ್ಮ. ನಾನೂ ಹಾಗೇ ಎಂದುಕೊಂಡಿದ್ದೆ.

ಎರಡು ದಿನ ಇದ್ದು ಹೊರಟೆ. ಚಿಕ್ಕಮ್ಮ ಒಂದು ಡಬ್ಬಿ ಉಪ್ಪಿನಕಾಯಿ ಕೊಟ್ಟು, ಇನ್ನು ಬರುವುದಾದರೆ ಬೇಗ ಬಾ ಎಂದರು. ಹತ್ತು ಗಂಟೆಯ ಹೊತ್ತಿಗೆ ಹೊನ್ನಾವರ ಬಂತು. ಐದು ರೂಪಾಯಿಯ ನಾಣ್ಯವೊಂದನ್ನು ಹೊರಡುವಾಗಲೇ ಅಂಗಿಯ ಕಿಸೆಗೆ ಹಾಕಿಟ್ಟುಕೊಂಡಿದ್ದೆ. ಸೇತುವೆಯ ನಡುವೆ ಎಡಕ್ಕೆ ಸರಿದು ನಿಧಾನ ಮಾಡಿದೆ. ಚಳಿಗಾಲದ ಶರಾವತಿ, ಹಸಿರು ನೀರು, ಯಾರ ಹೊಳೆಯೋ ಎಂಬಂತೆ ತಣ್ಣಗೆ ಇತ್ತು. ಒಂದು ಕೈ ಬಿಟ್ಟು ಕಿಸೆಗೆ ಹಾಕುವಷ್ಟರಲ್ಲಿ ಹಿಂದಿನಿಂದ ಮೀನಿನ ಲಾರಿ ಕಿವಿ ಕಿತ್ತುಹೋಗುವಂತೆ ಹಾರ್ನು ಹೊಡೆಯಿತು. ಗಾಬರಿಯಲ್ಲಿ ಗೇರು ಬದಲಿಸಿ ಮುಂದೆ ಬಂದೆ, ಸೇತುವೆ ಮುಗಿದಿತ್ತು.

ಕಾಸರಕೋಡಿನಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದೆ. ಇಲ್ಲಿ ಹಿಂದೆ ಕಡವು ಎಲ್ಲಿತ್ತು ಎಂದು ಅಂಗಡಿಯವನನ್ನು ಕೇಳಿದೆ. ಅವನಿಗೆ ಮೂವತ್ತು ದಾಟಿರಲಿಕ್ಕಿಲ್ಲ. "ಯಾವ ಕಡವು?" ಎಂದ. ಚಹಾಕ್ಕೆ ಹದಿನೈದು ರೂಪಾಯಿ. ಹತ್ತರ ನೋಟಿನ ಜೊತೆ ಆ ಐದು ರೂಪಾಯಿಯನ್ನೂ ಕೊಟ್ಟು ಹೊರಟೆ.