ಇಸಬಿನ ರಾತ್ರಿಗಳು

ಬೆಳಗಾವಿ, ಖಾನಾಪುರದ ಕಡೆ ಎಕ್ಸಿಮಾಕ್ಕೆ ‘ಇಸಬು’ ಅನ್ನುತ್ತಾರೆ. ಮರಾಠಿಯಲ್ಲೂ ಅದು ‘ಇಸಬ್’. ಗಡಿಯ ಜಗಳ ಎಷ್ಟೇ ಇರಲಿ, ಮಗುವಿನ ಮೈ ಕಡಿತಕ್ಕೆ ಎರಡೂ ಭಾಷೆಯ ತಾಯಂದಿರು ಹೆಚ್ಚುಕಡಿಮೆ ಒಂದೇ ಹೆಸರಿಟ್ಟುಕೊಂಡಿದ್ದಾರೆ. ಶಾಸ್ತ್ರದ ಹೆಸರು ಬೇರೆ. ತೊಡಕು ಇರುವುದು ಅಲ್ಲಿ.

ಇದಕ್ಕೆ ಹತ್ತಿರದ ‘ವಿಚರ್ಚಿಕಾ’ವನ್ನು ಚರಕಸಂಹಿತೆ 11 ಕ್ಷುದ್ರಕುಷ್ಠಗಳಲ್ಲಿ ಎಣಿಸುತ್ತದೆ, 7 ಮಹಾಕುಷ್ಠಗಳೂ ಸೇರಿ ಒಟ್ಟು 18. ಅಲ್ಲಿ ಕುಷ್ಠವೆಂದರೆ ಚರ್ಮರೋಗಗಳನ್ನೆಲ್ಲ ತುಂಬಿಟ್ಟ ದೊಡ್ಡ ಚೀಲ, ಇಂದು ನಾವು ಹೇಳುವ ಕುಷ್ಠರೋಗವೊಂದೇ ಅಲ್ಲ. ಸುಶ್ರುತಸಂಹಿತೆ ಕುಷ್ಠವನ್ನು ಒಬ್ಬರಿಂದೊಬ್ಬರಿಗೆ ಹರಡುವ ರೋಗಗಳ ಸಾಲಿಗೆ ಸೇರಿಸಿತು. ಇಸಬು ಅಂಟುವುದಿಲ್ಲ. ಆದರೂ ಆ ಚೀಲದೊಳಗಿನ ಭಯ ಇಸಬಿನ ಮಗುವಿಗೂ ಮೆತ್ತಿಕೊಂಡಿತೆಂದೇ ನನ್ನ ಅನುಮಾನ.

ಕನ್ನಡದ ವೈದ್ಯಸಾಹಿತ್ಯ ಎಂದೊಡನೆ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ದೇವೇಂದ್ರಮುನಿಯ ‘ಬಾಲಗ್ರಹ ಚಿಕಿತ್ಸೆ’ ನೆನಪಾಗುತ್ತವೆ. ಇಂಥ ಚರಿತ್ರೆಯಲ್ಲಿ ಔಷಧ ಕೊಟ್ಟವರಿದ್ದಾರೆ. ರಾತ್ರಿಯಿಡೀ ಮಗುವಿನ ಕೈ ಹಿಡಿದು ಕೂತವರಿಗೆ ಓಲೆಗರಿ ಸಿಗಲಿಲ್ಲ.

ಆಧುನಿಕ ವೈದ್ಯದ ಕಥೆಯನ್ನೂ ಔಷಧದ ಕಥೆಯಾಗಿಯೇ ಹೇಳುತ್ತೇವೆ. 1933ರಲ್ಲಿ ಅಮೆರಿಕದ ವೈಸ್ ಮತ್ತು ಸುಲ್ಜ್‌ಬರ್ಗರ್ ‘ಅಟೋಪಿಕ್ ಡರ್ಮಟೈಟಿಸ್’ ಎಂಬ ಹೆಸರು ಕೊಟ್ಟರು. 1952ರಲ್ಲಿ ಅದೇ ಸುಲ್ಜ್‌ಬರ್ಗರ್, ವಿಟ್ಟನ್ ಜೊತೆ ಸೇರಿ ಹೈಡ್ರೊಕಾರ್ಟಿಸೋನ್ ಮುಲಾಮು ಗುಣ ಕೊಡುವುದನ್ನು ತೋರಿಸಿದರು. ಮುಂದೆ ಅದಕ್ಕಿಂತ ಬಹಳ ಕಡುವಾದ ಸ್ಟಿರಾಯ್ಡ್ ಕ್ರೀಮುಗಳು ಬಂದವು, ನಮ್ಮಲ್ಲಿ ಚೀಟಿ ಇಲ್ಲದೆಯೂ ಸಿಗತೊಡಗಿದವು. 2018ರಲ್ಲಿ ಕೇಂದ್ರ ಸರ್ಕಾರ ಅವುಗಳಲ್ಲಿ 14ಕ್ಕೆ ವೈದ್ಯರ ಚೀಟಿ ಕಡ್ಡಾಯ ಮಾಡಿತು.

ಆರೈಕೆಯ ಬೆಲೆ ತಿಳಿದದ್ದು 2006ರ ಒಂದು ಶೋಧದಿಂದ. ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದವರಿಗೆ ಇಸಬು ಬರುವ ಸಂಭವ ಹೆಚ್ಚೆಂದು ಸ್ಕಾಟ್ಲೆಂಡಿನ ಡಂಡಿಯ ಸಂಶೋಧಕರು ಕಂಡುಕೊಂಡರು. ಹೆಂಚಿಗೆ ಹೆಸರಾದ ಖಾನಾಪುರದವರಿಗೆ ಇದು ಬೇಗ ತಿಳಿಯುತ್ತದೆ: ಹೆಂಚು ಸರಿದ ಮಾಡು ಅದು. ಒಳಗಿನ ತೇವ ಹೋಗುತ್ತದೆ, ಹೊರಗಿನ ಧೂಳು ಬರುತ್ತದೆ. ದಿನಾ ಹೆಂಚು ಸರಿಪಡಿಸುವುದೇ ಅರ್ಧ ಚಿಕಿತ್ಸೆ.

ಆಟೋ ನಗರದಲ್ಲಿರುವ ನನ್ನ ಅಕ್ಕ ಮೂರು ವರ್ಷದ ಮಗನಿಗೆ ಮಾಡುವುದು ಇದನ್ನೇ. ಸುಡುನೀರಲ್ಲ, ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ. ಒರೆಸುವಾಗ ತಿಕ್ಕುವುದಿಲ್ಲ, ಒತ್ತುತ್ತಾಳೆ. ಮೈ ಹಸಿ ಇರುವಾಗಲೇ ವ್ಯಾಸಲೀನ್ (1872ರಲ್ಲಿ ಪೇಟೆಂಟ್ ಆದ ಈ ಹಳೆಯ ಸರಕು ಇಂದಿಗೂ ಅಗ್ಗ). ಉಗುರು ಮೋಟು, ಅಂಗಿ ಹತ್ತಿಯದು, ರಾತ್ರಿ ಕೈಗೆ ಕಾಲುಚೀಲ. ಡಾಕ್ಟರು ಬರೆದ ಮುಲಾಮು ಕೆಂಪಾದ ಕಡೆ ಮಾತ್ರ, ಹೇಳಿದಷ್ಟೇ ದಿನ. ಗ್ಯಾರೇಜಿನಿಂದ ಬಂದ ಭಾವ ಗ್ರೀಸಿನ ಬಟ್ಟೆ ಬದಲಿಸದೆ ಮಗನನ್ನು ಎತ್ತಿಕೊಳ್ಳುವಂತಿಲ್ಲ. ಖಾನಾಪುರದ ಅಜ್ಜಿ ಬದನೆಕಾಯಿ ನಂಜೆಂದು ನಿಲ್ಲಿಸಿದ್ದಳು; ಡಾಕ್ಟರನ್ನು ಕೇಳಿ ಅಕ್ಕ ಮತ್ತೆ ಶುರುಮಾಡಿದಳು. ಬೆಳೆಯುವ ಮಗುವಿನ ತಾಟಿನಿಂದ ಒಂದೊಂದೇ ಪದಾರ್ಥ ಕಿತ್ತುಕೊಳ್ಳುವುದು ನನಗೂ ಸರಿ ಕಾಣುವುದಿಲ್ಲ.

“ಇದು ಅಂಟತೈತೇನ್ರೀ?” ಎಂದು ಪಕ್ಕದ ಮನೆಯಾಕೆ ತನ್ನ ಮಗಳನ್ನು ಹಿಂದಕ್ಕೆಳೆದುಕೊಂಡಾಗ ಅಕ್ಕ ಹೇಳಿದ್ದು: “ಅಂಟೂದಿದ್ರ ಮೊದ್ಲ ನನಗ ಅಂಟಬೇಕಿತ್ತಲ್ರೀ.”

ಹುಡುಗ ಕೆರೆಯುತ್ತ ಎದ್ದ ರಾತ್ರಿಗಳಿಗೆ ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೀಟು ಹಾಕುತ್ತಾಳೆ. ವರ್ಷ ಮುಗಿದ ಮೇಲೆ ಅದನ್ನು ನಾನು ಕೇಳಿ ತಂದಿಟ್ಟುಕೊಂಡೆ. ಜನವರಿಯ ಒಣಗಾಳಿಯಲ್ಲಿ ಗೀಟುಗಳು ಒತ್ತಾಗಿವೆ. ಜುಲೈ ಪುಟದಲ್ಲಿ ನಾಲ್ಕೇ.