ಕೋವಿ ಲೈಸೆನ್ಸು, ಪೊಲೀಸ್ ವರದಿ: ಒಂದಿಷ್ಟು ಹಳೇ ಕಥೆ

ಮೊನ್ನೆ ರಾತ್ರಿ ಗದ್ದೆ ಕಾಯೋವಾಗ ಪಕ್ಕದ ಮನೆ ಹುಡುಗ ಕೇಳಿದ: "ಅಣ್ಣ, ನಮ್ಮ ಯಸಳೂರು ಕಡೆ ಕೋವಿ ತಗೋಬೇಕಂದ್ರೆ ಸ್ಟೇಷನ್ನಿಂದ ವರದಿ ಬರ್ಬೇಕು. ಗಡಿ ದಾಟಿ ಕೊಡಗಿಗೆ ಹೋದ್ರೆ ಕೆಲವರಿಗೆ ಲೈಸೆನ್ಸೇ ಬೇಡ. ಇದ್ಯಾವ ನ್ಯಾಯ?"

ಇದರ ಬೇರು 1857ರ ದಂಗೆಯಲ್ಲಿದೆ. ಅದಾದ ಮೇಲೆ ಬ್ರಿಟಿಷರಿಗೆ ಜನರ ಕೈಲಿ ಕೋವಿ ಕಂಡ್ರೆ ನಿದ್ದೆ ಬರ್ತಿರಲಿಲ್ಲ. ಆಯುಧ ಕಿತ್ತುಕೊಳ್ಳೋ ಕಾನೂನು ಬಂತು. ಕೊಡವರು ನಿಷ್ಠೆಯಿಂದ ಇದ್ದಾರೆ ಅಂತ 1861ರಲ್ಲಿ ಮಾರ್ಕ್ ಕಬ್ಬನ್ ಅವರಿಗೆ ಮಾತ್ರ ವಿನಾಯಿತಿ ಕೊಟ್ಟ. (ಬೆಂಗಳೂರಿನ ಪಾರ್ಕಿಗೆ ಇರೋದು ಇದೇ ಕಬ್ಬನ್ ಹೆಸರು.) 1878ರ ಆಯುಧ ಕಾಯ್ದೆಯಲ್ಲಿ ಬಿಳಿಯರಿಗೆ ವಿನಾಯಿತಿ, ನಮ್ಮವರಿಗೆ ಲೈಸೆನ್ಸು. 1887ರ ಮದರಾಸು ಕಾಂಗ್ರೆಸ್ ಅಧಿವೇಶನದಲ್ಲೇ ಇದಕ್ಕೆ ತಕರಾರು ಎದ್ದಿತ್ತು. ಆಗಿನ ಸರ್ಕಾರಕ್ಕೆ ಬೇಕಾಗಿದ್ದ ಉತ್ತರ ಒಂದೇ: ನೀನು ಯಾರ ಕಡೆಯವನು?

ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯ್ದೆ ಆಯ್ತು. ಅದು ರೈತರಿಗೆ ಎಷ್ಟು ಹತ್ತಿರದ್ದು ಅಂತ ನಮಗೇ ಗೊತ್ತಿಲ್ಲ. ಬೆಳೆ ಕಾಯೋಕೆ ನಿಜವಾಗಿ ಬೇಕಿದ್ರೆ, ಬೇರೆ ಅಡ್ಡಿ ಇಲ್ಲದಿದ್ರೆ, ನಳಿಗೆಯ ಬಾಯಿಂದ ಮದ್ದು ತುಂಬೋ ಕೋವಿಗೆ ಲೈಸೆನ್ಸು ಕೊಡಲೇಬೇಕು ಅಂತಿದೆ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದ್ರೆ ಬೇರೆ ಕೋವಿಗೂ ಕೊಡಬಹುದು. ಆಸ್ತಿ ಕಮ್ಮಿ ಅನ್ನೋ ಒಂದೇ ಕಾರಣಕ್ಕೆ ಅರ್ಜಿ ತಳ್ಳೋ ಹಾಗಿಲ್ಲ.

ಠಾಣೆಯಿಂದ ವರದಿ ತರಿಸಲೇಬೇಕು ಅಂತ ಸೇರಿಸಿದ್ದು 1983ರಲ್ಲಿ. ವಯಸ್ಸನ್ನೂ 16ರಿಂದ 21ಕ್ಕೆ ಏರಿಸಿದ್ರು. ಆದ್ರೆ ಒಂದು ಕಂಡಿ ಬಿಟ್ಟಿದ್ದಾರೆ: ಗಡುವಿನೊಳಗೆ ವರದಿ ಬರದಿದ್ರೆ ಅಧಿಕಾರಿ ಕಾಯದೇ ತೀರ್ಮಾನ ಮಾಡಬಹುದು. ಅಮೆರಿಕದವರು ವರ್ಷಾನುಗಟ್ಟಲೆ ಜಗಳ ಆಡ್ತಿರೋ ವಿಷಯಗಳಲ್ಲಿ ಇಂಥ ಕಂಡಿಯೂ ಒಂದು. ಅಲ್ಲಿ 1993ರ ಬ್ರೇಡಿ ಕಾಯ್ದೆ ಪ್ರಕಾರ 3 ಕೆಲಸದ ದಿನದಲ್ಲಿ ವಿಚಾರಣೆ ಮುಗಿಯದಿದ್ರೆ ಅಂಗಡಿಯವನು ಮಾರಬಹುದು. 2015ರಲ್ಲಿ ಚಾರ್ಲ್ಸ್ಟನ್ ಚರ್ಚಿನಲ್ಲಿ 9 ಜನರನ್ನ ಕೊಂದವನಿಗೆ ಪಿಸ್ತೂಲು ಸಿಕ್ಕಿದ್ದು ಹಾಗೇ.

ನನ್ನದೇ ಹೇಳ್ತೀನಿ. ನಾನು ಅರ್ಜಿ ಹಾಕಿದಾಗ ದಾಯಾದಿ ಜೊತೆ ಬೇಲಿ ಜಗಳ ಜೋರಿತ್ತು. ವಿಚಾರಣೆಗೆ ಬಂದ ಪೊಲೀಸಿನವರು ಜಗಲಿ ಮೇಲೆ ಕೂತು ಕಾಫಿ ಕುಡಿದು ಅದನ್ನೇ ಕೆದಕಿದ್ರು. ಲೈಸೆನ್ಸು ಎರಡು ವರ್ಷ ತಡ ಆಯ್ತು, ಅಷ್ಟೂ ದಿನ ಬೈಕೊಂಡೇ ಓಡಾಡಿದ್ದೆ. ಆ ಬೇಸಿಗೆಯಲ್ಲಿ ಒಂದಿನ ಕತ್ತಿ ಹಿಡ್ಕೊಂಡು ಬೇಲಿ ತನಕ ಹೋಗಿ ವಾಪಸ್ ಬಂದಿದ್ದೇನೆ. ಕೈಲಿ ಕೋವಿ ಇದ್ದಿದ್ರೆ? ಈಗ್ಲೂ ಮೈ ಜುಮ್ಮೆನ್ನುತ್ತೆ.

ಇನ್ನು ಕೊಡಗಿನ ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದ್ದ ವಿನಾಯಿತಿಯನ್ನ ಕೇಂದ್ರ ಸರ್ಕಾರ 1963ರಲ್ಲಿ ಮುಂದುವರಿಸ್ತು. 2019ರಲ್ಲಿ ಮತ್ತೆ 2029ರ ತನಕ ಕೊಟ್ಟಿದೆ. ಅದನ್ನ ಪ್ರಶ್ನಿಸಿದ್ದಾಗ 2021ರಲ್ಲಿ ನಮ್ಮ ಹೈಕೋರ್ಟು ಎತ್ತಿ ಹಿಡೀತು. ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡೋ ಮನೆಗಳವು, ಆ ಗೌರವ ಹೋಗಲಿ ಅಂತ ನಾನು ಹೇಳಲ್ಲ. ಆದ್ರೆ ಬೇಲಿ ಜಗಳ ಅಲ್ಲೂ ಇರುತ್ತಲ್ಲ ಮಾರಾಯ್ರೆ. ಕಬ್ಬನ್ ನೋಡಿದ್ದು ನಿಷ್ಠೆ. ಸಿಟ್ಟನ್ನ ಯಾರೂ ನೋಡಿರಲಿಲ್ಲ. 2029ರಲ್ಲಿ ಈ ಮಾತು ಮತ್ತೆ ಬರುತ್ತೆ, ಆಗ ಅವರೇ ಕೂತು ಯೋಚಿಸ್ಲಿ.

ಹುಡುಗ ಸೋಮವಾರ ಅರ್ಜಿ ಬರೆಸೋಕೆ ಬರ್ತೀನಿ ಅಂದಿದ್ದಾನೆ. ಚಿಕ್ಕಪ್ಪನ ಜೊತೆ ಇರೋ ದಾರಿ ತಕರಾರು ಮೊದಲು ಮುಗಿಸ್ಕೊಂಡು ಬಾ ಅಂದೆ. ಹಂದಿ ನಿನ್ನೆ ರಾತ್ರಿನೂ ಬಂದಿತ್ತು.