ಮುದ್ರೋಸಿನ ಕದನವಿರಾಮ, ಭೀಮಾತೀರದ ಇನ್‌ಫ್ಲುಯೆಂಜಾ

ಕೋವಿಡ್ ಸಾಂಕ್ರಾಮಿಕದ ವರ್ಷಗಳಲ್ಲಿ ಅಮೆರಿಕ, ಬ್ರಿಟನ್, ಕೆನಡಗಳಲ್ಲಿ ಮಾಜಿ ಸೈನಿಕರ ಮಾನಸಿಕ ಆರೋಗ್ಯವನ್ನು ಕುರಿತು ಅಧ್ಯಯನಗಳು ನಡೆದವು. ಅವುಗಳಲ್ಲಿ ಕೆಲವು ಸೈನಿಕನನ್ನಷ್ಟೇ ಅಲ್ಲದೆ ಅವನ ಬಾಳಸಂಗಾತಿಯನ್ನೂ ಪ್ರಶ್ನಿಸಿದವು. ಯುದ್ಧದ ನೆನಪು ಮತ್ತು ಮನೆಯೊಳಗಿನ ರೋಗಭಯ ಇವೆರಡನ್ನೂ ಒಂದೇ ದಾಂಪತ್ಯದ ಅನುಭವವಾಗಿ ನೋಡುವ ಈ ಕ್ರಮವನ್ನು ಒಂದು ಶತಮಾನ ಹಿಂದಕ್ಕೆ ಒಯ್ದರೆ, 1918ರ ಶರತ್ಕಾಲದ ಬೊಂಬಾಯಿ ಪ್ರಾಂತ್ಯ ಬೇರೆಯಾಗಿಯೇ ಕಾಣಿಸತೊಡಗುತ್ತದೆ. ಅಲ್ಲಿ ಸಿಪಾಯಿಯ ಕಥೆ ಸೇನೆಯ ಕಡತಕ್ಕೆ ಸೇರಿತು. ಅವನ ಹೆಂಡತಿಯ ಕಥೆ ಸ್ಯಾನಿಟರಿ ಕಮಿಷನರರ ಕೋಷ್ಟಕಕ್ಕೆ ಸೇರಿತು. ಎರಡೂ ಒಂದೇ ಮನೆಯವು ಎಂಬುದು ಮಾತ್ರ ಎಲ್ಲಿಯೂ ದಾಖಲಾಗಲಿಲ್ಲ.

ಮೆಸಪೊಟೇಮಿಯದ ಕೂಟ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ ಮುತ್ತಿಗೆಗೆ ಸಿಲುಕಿದ್ದ ಆರನೆಯ ಪೂನಾ ಡಿವಿಜನ್ 1916ರ ಏಪ್ರಿಲ್ 29ರಂದು ತುರ್ಕರಿಗೆ ಶರಣಾಯಿತು. ಸೆರೆಯಾದವರು ಸುಮಾರು 13,000 ಮಂದಿ. ಅವರಲ್ಲಿ ಬಹುಪಾಲು ಭಾರತೀಯರು. 103 ಮತ್ತು 110ನೆಯ ಮಹ್ರಟ್ಟಾ ಲೈಟ್ ಇನ್‌ಫೆಂಟ್ರಿಗಳೂ 117ನೆಯ ಮಹ್ರಟ್ಟಾ ಪಡೆಯೂ ಅಲ್ಲಿದ್ದವು. ಈ ಪಡೆಗಳ ಸೇರ್ಪಡೆ ‘ದಖನಿ ಮರಾಠ’, ‘ಕೊಂಕಣಿ ಮರಾಠ’, ‘ದಖನಿ ಮುಸಲ್ಮಾನ’ ಎಂಬ ವರ್ಗಗಳ ಮೇಲೆ ನಡೆಯುತ್ತಿತ್ತು. ಮನೆಮಾತಿಗೆ ಅಲ್ಲಿ ಅಂಕಣವಿರಲಿಲ್ಲ. ಬೆಳಗಾವಿ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದಂಥ ಇಬ್ಬಗೆಯ ಮಾತಿನ ಸೀಮೆಯಲ್ಲಿ ‘ಮರಾಠ’ ಎಂಬ ವರ್ಗನಾಮದಿಂದ ಒಲೆಯ ಮುಂದಿನ ಮಾತು ಯಾವುದೆಂದು ತೀರ್ಮಾನಿಸುವುದು ಅವಸರವಾದೀತು. ಮುತ್ತಿಗೆಯಲ್ಲಿ ಕುದುರೆಮಾಂಸ ತಿನ್ನಲು ಹಿಂಜರಿದು ಸ್ಕರ್ವಿಯಿಂದ ನರಳಿದವರು, ಆಮೇಲೆ ಮರುಭೂಮಿಯಲ್ಲಿ ನಡೆದು ರಾಸ್ ಅಲ್-ಐನ್‌ನ ರೈಲುದಾರಿ ಕೆಲಸಕ್ಕೆ ಬಿದ್ದವರು, ಇವರಲ್ಲಿ ಉಳಿದವರಿಗೆ ಬಿಡುಗಡೆಯ ಬಾಗಿಲು ತೆರೆದದ್ದು 1918ರ ಅಕ್ಟೋಬರ್ 30ರ ಮುದ್ರೋಸ್ ಕದನವಿರಾಮದಿಂದ.

ಅದೇ ಅಕ್ಟೋಬರಿನ 6ರಂದು ಬೊಂಬಾಯಿ ನಗರವೊಂದರಲ್ಲೇ 768 ಮಂದಿ ಸತ್ತಿದ್ದರು. ಜೂನಿನಲ್ಲಿ ಬಂದರಿನ ಬಳಿ ಕಾಣಿಸಿಕೊಂಡು ಇಳಿದಿದ್ದ ಇನ್‌ಫ್ಲುಯೆಂಜಾ ಸೆಪ್ಟೆಂಬರಿನಲ್ಲಿ ಮತ್ತೆ ಏರಿ, ರೈಲಿನ ಜಾಡು ಹಿಡಿದು ದಖನ್ನಿನ ಒಳನಾಡಿಗೆ ನುಗ್ಗಿತು. ಪುಣೆಯಿಂದ ಸೊಲ್ಲಾಪುರದ ಮೇಲೆ ರಾಯಚೂರಿಗೆ ಹೋಗುವ ದಾರಿ ಆ ಜಾಡುಗಳಲ್ಲೊಂದು. ಆ ವರ್ಷ ಮಳೆಯೂ ಕೈಕೊಟ್ಟು ಕಾಳಿನ ಬೆಲೆ ಏರಿತ್ತು. ಭಾರತದಲ್ಲಿ ಸತ್ತವರು 60 ಲಕ್ಷವೆಂದು ಸರಕಾರದ ಮೊದಲ ಅಂದಾಜು. ಅನಂತರದ ಜನಸಂಖ್ಯಾ ಇತಿಹಾಸಕಾರರು ಅದನ್ನು 1.2 ಕೋಟಿಗೂ 1.8 ಕೋಟಿಗೂ ಏರಿಸಿದ್ದಾರೆ. ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು ಮತ್ತೊಂದು ಸಂಗತಿ: 20ರಿಂದ 40ರ ವಯಸ್ಸಿನವರಲ್ಲಿ ಗಂಡಸರಿಗಿಂತ ಹೆಂಗಸರ ಸಾವು ಹೆಚ್ಚಾಗಿತ್ತು. ಕೊನೆಗೆ ಉಂಡು ಮೊದಲು ಏಳುವವಳು, ಹಾಸಿಗೆ ಹಿಡಿದವರ ಬಳಿ ಕೂರುವವಳು ಅವಳೇ. ಸಿಪಾಯಿಗಳ ಹೆಂಡಂದಿರ ವಯಸ್ಸೂ ಇದೇ. ಹಾಗಾಗಿ ಹಡಗಿನಿಂದ ಇಳಿದ ಸೆರೆಯಾಳು ಬದುಕಿ ಬಂದದ್ದರ ಸುಖವನ್ನು ಹಂಚಿಕೊಳ್ಳಬೇಕಾದವರೇ ಮನೆಯಲ್ಲಿಲ್ಲದ ಸ್ಥಿತಿ ಅಪವಾದವಾಗಿರಲಾರದು.

ಆ ಸ್ಥಿತಿಗೆ ಹೆಸರು ಯಾವುದು? ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಶೆಲ್ ಶಾಕ್’ ಎಂಬ ಪದವನ್ನು ವೈದ್ಯಕೀಯ ಬರಹಕ್ಕೆ ತಂದರು; ಆಘಾತೋತ್ತರ ಒತ್ತಡದ ಕಾಯಿಲೆಯೆಂಬ ಹೆಸರು ಅಮೆರಿಕದ ಮನೋವೈದ್ಯಕೀಯ ಕೈಪಿಡಿಗೆ ಬಂದದ್ದು 1980ರಲ್ಲಿ. ಎರಡನೆಯದನ್ನು ಕೂಟ್‌ನ ಸಿಪಾಯಿಗೆ ಹಿಂದಕ್ಕೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಮೊದಲನೆಯದೂ ಸಾಲದು, ಅವನ ಸಂಕಟ ಸಿಡಿಗುಂಡಿನದ್ದಷ್ಟೇ ಅಲ್ಲ, ಹಸಿವಿನದು, ಸೆರೆಯದು. (ನಾಸಿಕದ ಹತ್ತಿರದ ದೇವಳಾಲಿ ಸೈನಿಕ ಶಿಬಿರದ ಹೆಸರೇ ತಿರುಚಿಕೊಂಡು ಇಂಗ್ಲಿಷಿನಲ್ಲಿ ‘ಡೂಲಾಲಿ’ ಎಂಬ ಹುಚ್ಚಿನ ಪದವಾಯಿತು. ದಖನ್ನಿನ ಊರು ಬಿಳಿಯ ಸೈನಿಕನ ಮನೋವ್ಯಥೆಗೆ ಹೆಸರು ಕೊಟ್ಟಿತು, ದಖನ್ನಿನ ಸೈನಿಕನದಕ್ಕಲ್ಲ.)

ಸಿಪಾಯಿಗಳ ಮನಸ್ಸನ್ನು ತಿಳಿಯಲು ನಮ್ಮ ಪ್ರಸಿದ್ಧ ಆಕರವೆಂದರೆ ಸೆನ್ಸಾರ್ ಕಚೇರಿ ಆಯ್ದು ಇಂಗ್ಲಿಷಿಗೆ ತಿರುಗಿಸಿದ ಪತ್ರಗಳು. ಕರಿಮೆಣಸು ಮುಗಿಯುತ್ತಿದೆ, ಇನ್ನು ಕೆಂಪು ಮೆಣಸು ಬರುತ್ತಿದೆ ಎಂಬಂಥ ಸಂಕೇತಗಳಲ್ಲಿ ಭಾರತೀಯರ ಮತ್ತು ಬಿಳಿಯರ ಪಡೆಗಳ ಗತಿಯನ್ನು ಊರಿಗೆ ತಿಳಿಸಿದ ಪತ್ರಗಳು ಅವು. ಬಹುಮಟ್ಟಿಗೆ ಫ್ರಾನ್ಸಿನಿಂದ ಹೊರಟವು. ಬರೆಯಿಸಿದವರಲ್ಲಿ ಪಂಜಾಬು ಮತ್ತು ಉತ್ತರದವರೇ ಹೆಚ್ಚು. 1918ರ ವಸಂತದಲ್ಲಿ ಅಲ್ಲಿನ ಭಾರತೀಯ ಕುದುರೆಪಡೆಯ ಬಹುಭಾಗ ಪ್ಯಾಲೆಸ್ಟೀನಿಗೆ ಸಾಗಿದ ಮೇಲೆ ಆ ಧಾರೆ ಬತ್ತಿತು. ಅಂದರೆ, ಇನ್‌ಫ್ಲುಯೆಂಜಾ ಬರುವ ಹೊತ್ತಿಗೆ ಸರಿಯಾಗಿ. ಸಿಪಾಯಿಯ ಮೂಲವೇತನ ತಿಂಗಳಿಗೆ 11 ರೂಪಾಯಿ. ಅದರಲ್ಲಿ ಮನೆಗೆ ಬರುವ ಪಾಲಿನ ಮನಿಯಾರ್ಡರು ಹೆಂಡತಿಗೆ ಅನ್ನವೂ ಹೌದು, ಗಂಡ ಇದ್ದಾನೆಂಬ ಸುದ್ದಿಯೂ ಹೌದು. ಅವನು ಸತ್ತರೆ ಅವಳಿಗೆ ಪಿಂಚಣಿಯ ನಿಯಮವಿತ್ತು. ಅವಳು ಸತ್ತರೆ ಅದನ್ನು ಬರೆದುಕೊಳ್ಳುವ ಪುಸ್ತಕ ಪಲ್ಟಣದಲ್ಲಿರಲಿಲ್ಲ.

ಸೋತ ಪಡೆಯ ಕಥೆ ಮಾತ್ರ ಹೀಗೆ ಎನ್ನುವಂತಿಲ್ಲ. ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು: 1918ರ ಸೆಪ್ಟೆಂಬರ್ 23ರಂದು ಹೈಫಾ, ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್. ಈ ಎರಡು ದಾಳಿಗಳ ನಡುವೆ ಸಿರಿಯದಲ್ಲಿ ಮಲೇರಿಯ, ಇನ್‌ಫ್ಲುಯೆಂಜಾಗಳು ಆ ಕುದುರೆ ದಳಗಳನ್ನು ಶತ್ರುವಿಗಿಂತ ಹೆಚ್ಚಾಗಿ ಕೆಡವಿದವು. ಅಲ್ಲಿ ಗಂಡನಿಗೂ ಇಲ್ಲಿ ಹೆಂಡತಿಗೂ ಒಂದೇ ಜ್ವರ, ಒಂದೇ ತಿಂಗಳಲ್ಲಿ. ಹೈಫಾಕ್ಕೆ ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಸ್ಮಾರಕಗಳಿವೆ. ಹಳ್ಳಿಗಳಲ್ಲಿ ಸರಕಾರ ನಿಲ್ಲಿಸಿದ ಫಲಕಗಳು ಈ ಊರಿನಿಂದ ಮಹಾಯುದ್ಧಕ್ಕೆ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಮಡಿದರು ಎಂದು ಎಣಿಸುತ್ತವೆ. ‘1914-1919’ ಎಂದು ಆ ಕಲ್ಲೇ ಹೇಳುವ ಅವಧಿಯಲ್ಲಿ ಅದೇ ಊರಿನಲ್ಲಿ ಸತ್ತ ಹೆಂಗಸರು ಆ ಎಣಿಕೆಗೆ ಹೊರಗು.

ಹೀಗಾಗಿ ಗಡಿಸೀಮೆಯ ಸಂಶೋಧಕರು ಕಡತದಿಂದ ಬೀಸುಕಲ್ಲಿನ ಕಡೆಗೆ ತಿರುಗಬೇಕೆಂದು ನನ್ನ ವಾದ. ಮರಾಠಿಯ ಬೀಸುವ ಓವಿಗಳನ್ನು ಹೇಮಾ ರೈರಕರ್ ಮತ್ತು ಗೀ ಪ್ವಾತ್ವ್ಯಾಂ ಅವರ ಬಳಗ ಲಕ್ಷದ ಲೆಕ್ಕದಲ್ಲಿ ಸಂಗ್ರಹಿಸಿದೆ. ಭೀಮೆಯ ಈಚೆಗೆ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು 1931ರಲ್ಲಿ ಹೊರತಂದರು. ಈ ಎರಡನ್ನೂ ಒಟ್ಟಿಗಿಟ್ಟು ಓದಿದವರು ಕಡಮೆ, ಓದಿದಾಗಲೂ ಛಂದಸ್ಸಿನ ಹೋಲಿಕೆಗೇ ಗಮನ ಹೆಚ್ಚು. ಹಾಡಿಗೆ ತೇದಿಯಿಲ್ಲ, ಅದನ್ನು ಸಾಕ್ಷ್ಯವೆಂದು ನೇರವಾಗಿ ಒಪ್ಪಿಸಲಾಗದು ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಹಾಡಿದವರಿಗೆ ವಯಸ್ಸಿದೆ. ಸಂಗ್ರಾಹಕರು ಜೋಳ ಬೀಸುವ ಹೊತ್ತಿನಲ್ಲಿ ಕಿವಿಗೊಟ್ಟ ಆ ನಡುವಯಸ್ಸಿನ ಹೆಂಗಸರು ಹತ್ತು ಹನ್ನೆರಡು ವರ್ಷಗಳ ಹಿಂದೆ, ತಮ್ಮ ಓರಗೆಯವರು ಸಾಲುಸಾಲಾಗಿ ಹೋದಾಗ, ಉಳಿದುಕೊಂಡವರು.